ನಕ್ಷೆಯಲ್ಲಿ ಹುಟ್ಟಿದ ಊರುಗಳು

ಆಮ್‌ಸ್ಟರ್‌ಡಾಂ ನಗರದ ಆಗ್ನೇಯ ದಿಕ್ಕಿಗೆ ಬೈಲ್ಮರ್‌ಮೇರ್ ಎಂಬ ಬಡಾವಣೆಯೊಂದಿದೆ. ಡಚ್ಚರ ಮಾತಿನಲ್ಲಿ ‘ಮೇರ್’ ಎಂದರೆ ಸರೋವರ. ಹಿಂದೆ ಅಲ್ಲಿ ನಿಜವಾಗಿಯೂ ಸರೋವರವೇ ಇದ್ದಿತು. ಸುತ್ತ ಏರಿ ಹಾಕಿ, ನೀರನ್ನು ಎತ್ತಿ ಹೊರಗೆ ಚೆಲ್ಲಿ, ಕೆರೆಯ ತಳವನ್ನು ಹುಲ್ಲುಗಾವಲು ಮಾಡಿಕೊಳ್ಳುವುದು ಆ ಜನಕ್ಕೆ ತಲೆತಲಾಂತರದಿಂದ ಬಂದ ವಿದ್ಯೆ. ಸಮುದ್ರವನ್ನೇ ಹಿಂದಕ್ಕೆ ತಳ್ಳಿ ದೇಶ ಮಾಡಿಕೊಂಡವರಿಗೆ ಹುಲ್ಲುಗಾವಲಿನ ನಡುವೆ ಒಂದು ಊರನ್ನು ಎಬ್ಬಿಸುವುದು ಏನು ಮಹಾ? ೧೯೬೬ರ ಡಿಸೆಂಬರಿನಲ್ಲಿ ಅಲ್ಲಿ ಅಸ್ತಿಭಾರದ ಮೊದಲ ಕಂಬ ಇಳಿಯಿತು. ಎರಡು ವರ್ಷ ತುಂಬುವುದರೊಳಗೆ, ೧೯೬೮ರ ನವೆಂಬರಿನಲ್ಲಿ, ಮೊದಲ ಸಂಸಾರಗಳು ಬಂದು ಬೀಗದ ಕೈ ಪಡೆದವು. ಮುಂದಿನ ಕೆಲವು ವರ್ಷಗಳಲ್ಲಿ ಎದ್ದು ನಿಂತದ್ದು ೩೧ ಮಹಾಕಟ್ಟಡಗಳು; ಒಟ್ಟು ಸುಮಾರು ೧೩,೦೦೦ ಮನೆಗಳು. ಎಲ್ಲ ಕಟ್ಟಡಗಳೂ ಒಂದೇ ಎತ್ತರ, ಎಲ್ಲವೂ ಹತ್ತು ಅಂತಸ್ತಿನ ಆಸುಪಾಸು. ಆಕಾಶದಿಂದ ನೋಡಿದರೆ ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಆಕಾರದಲ್ಲಿ ಅವು ಬಾಗಿ ಬಾಗಿ ಸಾಗುತ್ತಿದ್ದವು. ನಡುವೆ ಹುಲ್ಲು, ಮರ, ಕೊಳ.

ಇಷ್ಟು ಮನೆಗಳು ಒಂದೆಡೆ ಸೇರಿದರೆ ಅದು ಊರಾಗುತ್ತದೆಯೇ? ಪ್ರಶ್ನೆ ಡಚ್ಚರದು ಮಾತ್ರವಲ್ಲ. ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ಹತ್ತಾರು ದೇಶಗಳು ನಗರದ ಹೊರಗಿನ ಬಯಲಿನಲ್ಲಿ ನಕ್ಷೆ ಹಾಕಿ, ಮಹಡಿಯ ಮೇಲೆ ಮಹಡಿ ಪೇರಿಸಿ, ನಗರವನ್ನೇ ಕಟ್ಟಿಬಿಡುತ್ತೇವೆಂದು ಹೊರಟವು. ಕೆಲವು ಕಡೆ ನಗರ ಬಂದಿತು, ಕೆಲವು ಕಡೆ ಮನೆಗಳು ಮಾತ್ರ ಬಂದವು. ನಗರಜೀವನವೆಂದು ನಾನು ಕರೆಯುವುದು ಕಟ್ಟಡದ ಎತ್ತರವನ್ನಲ್ಲ. ಜನಸಂಖ್ಯೆಯ ಲೆಕ್ಕವನ್ನೂ ಅಲ್ಲ. ಕೊತ್ತಂಬರಿ ಸೊಪ್ಪು ತರಲು ಹೊರಟವನು ದಾರಿಯಲ್ಲಿ ಚಪ್ಪಲಿ ಹೊಲಿಸಿಕೊಂಡು, ಹಳೆಯ ಸಹಪಾಠಿಯೊಬ್ಬನನ್ನು ಕಂಡು, ಪುಸ್ತಕದ ಅಂಗಡಿಯ ಮುಂದೆ ಹತ್ತು ನಿಮಿಷ ಕಳೆದು, ಕೊನೆಗೆ ಸೊಪ್ಪನ್ನೇ ಮರೆತು ಮನೆಗೆ ಬರುವುದು ಸಾಧ್ಯವಾದರೆ ಅದು ನಗರ. ಬೇರೆಬೇರೆ ಕೆಲಸದ ಮೇಲೆ ಹೊರಟ ಅಪರಿಚಿತರು, ಯಾರೂ ಗೊತ್ತುಮಾಡದೆ, ಒಂದೇ ಬೀದಿಯಲ್ಲಿ ಹಾದುಹೋಗಬೇಕು. ಇದನ್ನು ಮೊದಲೇ ಯೋಚಿಸಿ ಒದಗಿಸಬಹುದೇ ಎಂಬುದು ಇಲ್ಲಿನ ವಿಚಾರ.

ಒದಗಿಸಬಹುದೆಂದು ನಂಬಿದವರು ದಡ್ಡರಾಗಿರಲಿಲ್ಲ, ದುಷ್ಟರಂತೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ನಗರಗಳಲ್ಲಿ ಕೂಲಿಕಾರರು ಬಿಸಿಲು ಕಾಣದ ಕೋಣೆಗಳಲ್ಲಿ, ಒಂದು ಕೊಳಾಯಿಗೆ ಹತ್ತು ಸಂಸಾರದಂತೆ ಬದುಕಿದ್ದರು. ಕ್ಷಯರೋಗ ಆ ಕೋಣೆಗಳ ಖಾಯಂ ಬಾಡಿಗೆದಾರ. ಆ ಕತ್ತಲನ್ನು ಕಂಡವರಿಗೆ ಗಾಳಿ, ಬೆಳಕು, ಹಸುರು ಎಂಬ ಮೂರು ಮಾತುಗಳು ಮಂತ್ರದಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ನಮ್ಮ ಚಂಡೀಗಡಕ್ಕೆ ಬಂದ ಲ ಕಾರ್ಬೂಸಿಯೆ ೧೯೨೨ರಲ್ಲೇ ಮೂವತ್ತು ಲಕ್ಷ ಜನರ ಒಂದು ನಗರದ ನಕ್ಷೆಯನ್ನು ಪ್ಯಾರಿಸಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದನು; ಅದರ ನಡುಮಧ್ಯೆ ಅರವತ್ತು ಅಂತಸ್ತಿನ ಗೋಪುರಗಳು, ಸುತ್ತ ತೋಟ. ೧೯೨೮ರಲ್ಲಿ ಅವನೂ ಅವನ ಸಮಾನಮನಸ್ಕರೂ ಸೇರಿ ಆಧುನಿಕ ವಾಸ್ತುಶಿಲ್ಪದ ಅಂತರರಾಷ್ಟ್ರೀಯ ಸಮ್ಮೇಳನವನ್ನು ಸ್ಥಾಪಿಸಿದರು. ಇವರ ೧೯೩೩ರ ಅಧಿವೇಶನ ನಡೆದದ್ದು ಮಾರ್ಸೇಲಿನಿಂದ ಅಥೆನ್ಸಿಗೆ ಹೊರಟ ಹಡಗಿನ ಮೇಲೆ. ನೆಲದ ಮೇಲಿನ ಊರುಗಳ ಭವಿಷ್ಯವನ್ನು ನೀರಿನ ಮೇಲೆ ಕುಳಿತು ಚರ್ಚಿಸಿದರೆಂದು ಹಾಸ್ಯ ಮಾಡುವವರು ಮಾಡಲಿ. ಅಲ್ಲಿ ಮೊಳೆತ ವಿಚಾರಗಳು ಹತ್ತು ವರ್ಷಗಳ ಮೇಲೆ ‘ಅಥೆನ್ಸ್ ಸನ್ನದು’ ಎಂಬ ಹೆಸರಿನಲ್ಲಿ ಅಚ್ಚಾದವು. ನಗರಕ್ಕೆ ನಾಲ್ಕು ಕೆಲಸಗಳು: ವಾಸ, ಉದ್ಯೋಗ, ವಿರಾಮ, ಸಂಚಾರ. ಒಂದೊಂದಕ್ಕೂ ಬೇರೆ ಬೇರೆ ಜಾಗ. ಅಡಿಗೆಮನೆಯಲ್ಲಿ ಮಲಗಬಾರದು, ಮಲಗುವ ಕೋಣೆಯಲ್ಲಿ ಒಲೆ ಹೂಡಬಾರದು ಎಂಬಷ್ಟೇ ಸರಳವಾದ ಮಾತೆಂದು ಅದು ತೋರಿತು. ಈ ಸಮ್ಮೇಳನಕ್ಕೆ ೧೯೩೦ರಿಂದ ಬಹುಕಾಲ ಅಧ್ಯಕ್ಷನಾಗಿದ್ದ ವಾನ್ ಏಸ್ಟರೆನ್ ಆಮ್‌ಸ್ಟರ್‌ಡಾಂ ನಗರದ ಯೋಜನಾ ಶಾಖೆಯಲ್ಲೇ ಕೆಲಸಮಾಡುತ್ತಿದ್ದವನು. ಹೀಗಾಗಿ ಬೈಲ್ಮರ್‌ಮೇರಿಗೆ ಬೀಜ ಹೊರಗಿನಿಂದ ಬರಬೇಕಾಗಿರಲಿಲ್ಲ.

ಆದರೆ ಬೈಲ್ಮರ್‌ಮೇರಿಗಿಂತ ಮೊದಲು ಸ್ವೀಡನ್ನಿನ ವೆಲಿಂಗ್ಬಿಯನ್ನು ನೋಡಬೇಕು. ಸ್ಟಾಕ್‌ಹೋಂ ನಗರಸಭೆ ಬಹಳ ಜಾಣತನದಿಂದ ೧೯೦೪ರಿಂದಲೇ ಊರಾಚೆಯ ಜಮೀನನ್ನು ಕೊಂಡು ಇಟ್ಟುಕೊಂಡಿತ್ತು. ಅರ್ಧ ಶತಮಾನದ ಮೇಲೆ ಆ ಜಮೀನಿನ ಒಂದು ಭಾಗದಲ್ಲಿ, ನಗರದ ಪಶ್ಚಿಮಕ್ಕೆ, ಯೋಜನಾಧಿಕಾರಿ ಸ್ವೆನ್ ಮಾರ್ಕೆಲಿಯಸ್ ಒಂದು ಹೊಸ ಊರನ್ನು ಗೆರೆ ಎಳೆದು ತೋರಿಸಿದನು. ಉದ್ಯೋಗ, ಮನೆ, ಪೇಟೆ ಮೂರೂ ಒಂದೆಡೆ ಇರಬೇಕು. ಸ್ವೀಡಿಷ್ ಮಾತಿನಲ್ಲಿ ಈ ಮೂರು ಪದಗಳ ಮೊದಲಕ್ಷರ ಸೇರಿದರೆ ‘ಎ, ಬಿ, ಸಿ’ ಆಗುತ್ತದೆಂಬುದು ಅದರ ಪ್ರಸಿದ್ಧಿಗೆ ಒಳ್ಳೆಯ ಸಹಾಯವಾಯಿತು. ನೆಲದಡಿಯ ರೈಲು ಅಲ್ಲಿಗೆ ೧೯೫೨ರಲ್ಲಿ ಬಂದಿತು. ಅದರ ನಿಲ್ದಾಣದ ಮೇಲೆಯೇ ಪೇಟೆ ಕಟ್ಟಿ ೧೯೫೪ರ ನವೆಂಬರಿನಲ್ಲಿ ಉದ್ಘಾಟನೆ ಮಾಡಿದರು. ರೈಲಿಳಿದು ಮೇಲೆ ಬಂದರೆ ಚೌಕ; ಚೌಕದ ಕಲ್ಲುಹಾಸಿನಲ್ಲಿ ದೊಡ್ಡ ದೊಡ್ಡ ವರ್ತುಲಗಳು; ಸುತ್ತ ಅಂಗಡಿ, ಚಿತ್ರಮಂದಿರ, ಪುಸ್ತಕಭಂಡಾರ, ಇಗರ್ಜಿ. ನಿಲ್ದಾಣಕ್ಕೆ ಹತ್ತಿರ ಎತ್ತರದ ಮನೆಗಳು, ದೂರ ಹೋದಂತೆ ತಗ್ಗಿನವು.

ಈ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ರೈಲು, ಆಮೇಲೆ ಪೇಟೆ. ಜನ ಬಂದು ಹತ್ತು ವರ್ಷ ಕೆಸರು ತುಳಿದು, ಅರ್ಜಿ ಬರೆದು, ಸಭೆ ಸೇರಿದ ಮೇಲೆ ರೈಲು ಬಂದದ್ದಲ್ಲ. ಜಗತ್ತಿನ ಎಲ್ಲ ಮೂಲೆಗಳಿಂದ ವಾಸ್ತುಶಿಲ್ಪಿಗಳು ಅದನ್ನು ನೋಡಲು ಯಾತ್ರೆ ಹೋದರು. ಎಲ್ಲವೂ ಎಣಿಸಿದಂತೆ ನಡೆಯಲಿಲ್ಲ. ಅಲ್ಲಿ ನೆಲಸಿದವರಲ್ಲಿ ಅರ್ಧದಷ್ಟು ಜನ ಅಲ್ಲಿಯೇ ದುಡಿಯುತ್ತಾರೆಂದು ಲೆಕ್ಕ ಹಾಕಿದ್ದರು. ಬಹುಪಾಲು ಮಂದಿ ಬೆಳಗಾದರೆ ರೈಲು ಹತ್ತಿ ಸ್ಟಾಕ್‌ಹೋಂಗೆ ಹೋದರು, ವೆಲಿಂಗ್ಬಿಯ ಕಚೇರಿಗಳಿಗೆ ಇನ್ನೆಲ್ಲಿಂದಲೋ ಜನ ಬಂದರು. ಒಳ್ಳೆಯ ರೈಲು ಇದ್ದ ಮೇಲೆ ಯಾರು ಎಲ್ಲಿ ದುಡಿಯಬೇಕೆಂಬುದನ್ನು ನಕ್ಷೆ ಹೇಳಲಾರದು. ಮನುಷ್ಯ ಮನೆಗೆ ಹತ್ತಿರವೆಂದು ಉದ್ಯೋಗ ಹಿಡಿಯುವುದಿಲ್ಲ. ಸಂಬಳ ನೋಡುತ್ತಾನೆ, ಮೇಲಧಿಕಾರಿಯ ಮುಖ ನೋಡುತ್ತಾನೆ. ಆದರೂ ಆ ಎರಡು ಕಡೆಯ ಓಡಾಟವೇ ಚೌಕದ ಅಂಗಡಿಗಳನ್ನು ಬದುಕಿಸಿತೆಂದು ನನ್ನ ಊಹೆ. ಲೆಕ್ಕ ತಪ್ಪಿದ್ದರಿಂದ ಊರಿಗೆ ಲಾಭವೇ ಆಯಿತು.

ಫ್ರಾನ್ಸಿನ ಕಥೆ ಬೇರೆ. ಪ್ಯಾರಿಸಿನ ಉತ್ತರಕ್ಕೆ ಸಾರ್ಸೆಲ್ ಎಂಬಲ್ಲಿ ೧೯೫೫ರಿಂದ ನೇರ ಗೆರೆಗಳ ಮೇಲೆ ಸಾವಿರಾರು ಮನೆಗಳ ಸಾಲು ಎಬ್ಬಿಸಿದರು. ಗುಡಿಸಿಲಿನಲ್ಲಿ, ಅತ್ತೆಮಾವಂದಿರ ಒಂದು ಕೋಣೆಯಲ್ಲಿ ದಿನ ಕಳೆಯುತ್ತಿದ್ದವರಿಗೆ ಸ್ನಾನದ ಮನೆಯುಳ್ಳ ಬೆಚ್ಚಗಿನ ಮನೆ ಸಿಕ್ಕಿತು. ಅದನ್ನು ಹಗುರವಾಗಿ ಕಾಣುವುದು ತರವಲ್ಲ. ಆದರೆ ಮಕ್ಕಳನ್ನು ಶಾಲೆಗೂ ಗಂಡನನ್ನು ರೈಲಿಗೂ ಕಳುಹಿಸಿದ ಮೇಲೆ ಹೆಂಗಸರಿಗೆ ಹೋಗಲು ಒಂದು ಜಾಗವಿರಲಿಲ್ಲ. ಪತ್ರಿಕೆಯವರು ಈ ಬೇಸರಕ್ಕೆ ‘ಸಾರ್ಸೆಲಿಟ್’ ಎಂದು ರೋಗದ ಹೆಸರನ್ನೇ ಇಟ್ಟರು. ೧೯೭೩ರಲ್ಲಿ ಗಿಷಾರ್ ಎಂಬ ಮಂತ್ರಿ ಇಂಥ ಮಹಾಸಮೂಹಗಳ ನಿರ್ಮಾಣವನ್ನು ಒಂದು ಸುತ್ತೋಲೆಯಿಂದ ನಿಲ್ಲಿಸಿದನು.

ಇನ್ನು ಬೈಲ್ಮರ್‌ಮೇರ್. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಸೀಗ್‌ಫ್ರೀಡ್ ನಾಸ್ಸುಟ್. ಅವನ ಎಣಿಕೆಯಲ್ಲಿ ಲೋಭವಿರಲಿಲ್ಲ. ಮನೆಗಳು ವಿಶಾಲ, ಪ್ರತಿಯೊಂದಕ್ಕೂ ಬಿಸಿಲು ಬೀಳಲೆಂದೇ ಕಟ್ಟಡಗಳನ್ನು ಹಾಗೆ ಬಾಗಿಸಿದ್ದು. ವಾಹನಗಳ ರಸ್ತೆಗಳೆಲ್ಲ ನೆಲದಿಂದ ಒಂದು ಮಹಡಿಯಷ್ಟು ಮೇಲೆ, ಏರಿಯ ಮೇಲೆ. ಕೆಳಗಿನ ನೆಲವೆಲ್ಲ ನಡೆಯುವವರಿಗೆ, ಸೈಕಲ್ಲಿನವರಿಗೆ, ಆಡುವ ಮಕ್ಕಳಿಗೆ. ಮಗುವೊಂದು ರಸ್ತೆ ದಾಟದೆಯೇ ಶಾಲೆಗೆ ಹೋಗಿ ಬರಬಹುದು. ಕಾರುಗಳಿಗೆ ಬೇರೆ ದೊಡ್ಡ ಗ್ಯಾರೇಜು ಕಟ್ಟಡಗಳು. ಅಲ್ಲಿಂದ ಮುಚ್ಚಿದ ಓಣಿಯಲ್ಲಿ ನಡೆದು ಲಿಫ್ಟಿಗೆ, ಲಿಫ್ಟಿನಿಂದ ಉದ್ದನೆಯ ಹೊರಜಗಲಿಗೆ, ಜಗಲಿಯಲ್ಲಿ ನಡೆದು ತನ್ನ ಬಾಗಿಲಿಗೆ. ಪ್ರತಿ ಕಟ್ಟಡದಲ್ಲೂ ನಿವಾಸಿಗಳೆಲ್ಲ ಸೇರಲು ಕೋಣೆಗಳು. ಹುಲ್ಲುಗಾವಲೆಲ್ಲ ಎಲ್ಲರದೂ.

ಕಾಗದದ ಮೇಲೆ ಇದರಲ್ಲಿ ದೋಷ ಹುಡುಕುವುದು ಕಷ್ಟ. ಕಟ್ಟುವಾಗ ಹಣ ಸಾಲದೆ ಮೊದಲು ಕೈ ಬಿದ್ದದ್ದು ಲಿಫ್ಟುಗಳ ಮೇಲೆ. ಲಿಫ್ಟು ಕಡಿಮೆಯಾದಂತೆ ಜಗಲಿ ಉದ್ದವಾಯಿತು. ಜಗಲಿ ಉದ್ದವಾದಂತೆ ಒಬ್ಬರ ಅಡಿಗೆಮನೆಯ ಕಿಟಕಿಯ ಮುಂದೆ ಹಾಯುವ ಅಪರಿಚಿತರು ಹೆಚ್ಚಾದರು. ಮೆಟ್ರೋ ಬರುತ್ತದೆ ಎಂದಿದ್ದರು. ಅದಕ್ಕಾಗಿ ಹಳೆಯ ಆಮ್‌ಸ್ಟರ್‌ಡಾಮಿನ ಮನೆಗಳನ್ನು ಕೆಡವಬೇಕಾಗಿ ಬಂದು ೧೯೭೫ರಲ್ಲಿ ಬೀದಿಯಲ್ಲಿ ಪೋಲೀಸರೊಡನೆ ಘರ್ಷಣೆಗಳೇ ನಡೆದವು; ರೈಲು ಓಡತೊಡಗಿದ್ದು ೧೯೭೭ರಲ್ಲಿ. ಮೊದಲ ನಿವಾಸಿ ಬಂದು ಆಗಲೇ ಒಂಬತ್ತು ವರ್ಷ. ಕೇಂದ್ರ ಪೇಟೆ ಸಿದ್ಧವಾಗಲು ಎಂಬತ್ತರ ದಶಕದ ನಡುಗಾಲ ಬರಬೇಕಾಯಿತು. ಬಾಡಿಗೆ ಮಾತ್ರ ಮೊದಲ ದಿನದಿಂದಲೂ ದುಬಾರಿ. ಯಾರಿಗಾಗಿ ಕಟ್ಟಿದ್ದರೋ ಆ ಕಾರ್ಮಿಕ ಸಂಸಾರಗಳು ಅದೇ ಹಣಕ್ಕೆ ಸ್ವಲ್ಪ ದೂರದ ಪುರ್ಮರೆಂಡ್, ಅಲ್ಮೇರ್ ಮೊದಲಾದ ಊರುಗಳಲ್ಲಿ ಹಿತ್ತಿಲುಳ್ಳ ಸಣ್ಣ ಮನೆ ಹಿಡಿದವು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಸುಮಾರು ಕಾಲು ಭಾಗ ಮನೆಗಳು ಖಾಲಿ ಬಿದ್ದಿದ್ದವು.

ನನ್ನ ಮಟ್ಟಿಗೆ ದೊಡ್ಡ ತಪ್ಪು ನಡೆದದ್ದು ಎತ್ತರದಲ್ಲಲ್ಲ, ನೆಲದಲ್ಲಿ. ಹತ್ತು ಅಂತಸ್ತಿನ ಕಟ್ಟಡದ ಕೆಳ ಅಂತಸ್ತಿನಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಬಾಗಿಲಿಲ್ಲ. ಸಾಮಾನು ತುಂಬುವ ಕತ್ತಲೆಕೋಣೆಗಳ ಸಾಲು ಮಾತ್ರ. ನಡೆಯುವವರಿಗಾಗಿಯೇ ಮೀಸಲಿಟ್ಟ ನೆಲದ ಕಡೆಗೆ ಒಂದು ಕಿಟಕಿಯೂ ತೆರೆದಿರಲಿಲ್ಲ. ವಾಹನ ಮೇಲೆ, ಮನುಷ್ಯ ಕೆಳಗೆ ಎಂದು ವಿಂಗಡಿಸಿದ ಮೇಲೆ ರಾತ್ರಿ ಎಂಟು ಗಂಟೆಗೆ ಕೆಳಗಿನ ದಾರಿಯಲ್ಲಿ ಒಂಟಿ ಹೆಂಗಸು ನಡೆಯಬೇಕಾದರೆ ಅವಳನ್ನು ನೋಡುವವರು ಯಾರು? ನಮ್ಮ ಊರುಗಳಲ್ಲಿ ಬೀದಿಗೆ ಕಾವಲು ಕೂರುವುದು ಪೋಲೀಸನಲ್ಲ; ಜಗಲಿಯ ಮೇಲೆ ಅಕ್ಕಿ ಆರಿಸುವ ಅಜ್ಜಿ, ಬೀಡಿ ಅಂಗಡಿಯವನು, ಇಸ್ತ್ರಿಯವನು. ಬೈಲ್ಮರ್‌ಮೇರಿನಲ್ಲಿ ಅಜ್ಜಿ ಏಳನೆಯ ಮಹಡಿಯಲ್ಲಿದ್ದಳು, ಅಂಗಡಿಯವನಿಗೆ ಜಾಗವಿರಲಿಲ್ಲ. ಮುಚ್ಚಿದ ಓಣಿಗಳೂ ಗ್ಯಾರೇಜುಗಳೂ ಕಳ್ಳರ, ಮಾದಕವಸ್ತು ಮಾರುವವರ ಪಾಲಾದವು. ಜೇನುಗೂಡು ದುಷ್ಕೀರ್ತಿಯ ಗೂಡಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ೧೯೭೫ರ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಸುರಿನಾಂ ಡಚ್ಚರ ಆಳ್ವಿಕೆಯಿಂದ ಬಿಡುಗಡೆ ಪಡೆಯಿತು. ಅದರ ಆಚೀಚೆ ಆ ದೇಶದ ಜನ ಸಾವಿರಗಟ್ಟಲೆಯಾಗಿ ಹಾಲೆಂಡಿಗೆ ಬಂದರು. ಅವರಲ್ಲಿ ಆಫ್ರಿಕದ ಗುಲಾಮರ ಸಂತತಿಯವರಿದ್ದರು. ೧೮೭೩ರಿಂದ ಮುಂದೆ ಕಬ್ಬಿನ ತೋಟಗಳ ಕೂಲಿಗಾಗಿ ನಮ್ಮ ಬಿಹಾರ, ಸಂಯುಕ್ತ ಪ್ರಾಂತ್ಯಗಳಿಂದ ಹಡಗು ಹತ್ತಿದವರ ಮೊಮ್ಮಕ್ಕಳೂ ಇದ್ದರು. ಆಮ್‌ಸ್ಟರ್‌ಡಾಮಿನ ಬೇರೆ ಕಡೆ ಅವರಿಗೆ ಮನೆ ಸಿಗುವುದು ದುರ್ಲಭ. ಬೈಲ್ಮರ್‌ಮೇರಿನಲ್ಲಿ ಮನೆಗಳು ಖಾಲಿ. ಆದರೆ ಒಂದೇ ಕಡೆ ಹೆಚ್ಚು ಮಂದಿ ಸೇರಬಾರದೆಂದು ಅಲ್ಲಿಯೂ ತಡೆದರು. ೧೯೭೪ರಲ್ಲಿ ಗ್ಲಿಪ್‌ಹೂವೆ ಎಂಬ ಕಟ್ಟಡದ ಖಾಲಿ ಮನೆಗಳಿಗೆ ಸುರಿನಾಮಿನ ಸಂಸಾರಗಳು ತಾವೇ ಹೊಕ್ಕು ಕುಳಿತವು. ಆಮೇಲೆ ಕೆರಿಬಿಯನ್ ದ್ವೀಪಗಳವರು ಬಂದರು, ಘಾನಾದವರು ಬಂದರು.

ಯಾರಿಗೂ ಬೇಡವಾದ ಊರು ಇವರಿಗೆ ಬೇಕಾಯಿತು. ಬೇಕಾದವರು ಅದನ್ನು ಉಪಯೋಗಿಸಿದ ಬಗೆ ನಕ್ಷೆಯಲ್ಲಿ ಇರಲಿಲ್ಲ. ಕಾರು ನಿಲ್ಲಿಸಲು ಜನ ಹೆದರುತ್ತಿದ್ದ ಗ್ಯಾರೇಜುಗಳ ಮೂಲೆಗಳಲ್ಲಿ ಆಫ್ರಿಕದವರು ಇಗರ್ಜಿಗಳನ್ನು ನಡೆಸತೊಡಗಿದರು. ಭಾನುವಾರ ಬೆಳಿಗ್ಗೆ ಆ ಕಾಂಕ್ರೀಟು ಗುಹೆಯಿಂದ ಹಾಡು, ಮದ್ದಳೆ ಕೇಳಿಸತೊಡಗಿತು. ಉದ್ಯಾನದಲ್ಲಿ ಬೇಸಗೆಯ ಕಾಲ್ಚೆಂಡಿನ ಪಂದ್ಯವಾಗಿ ೧೯೭೫ರಲ್ಲಿ ಶುರುವಾದ ‘ಕ್ವಾಕು’ ಬರಬರುತ್ತ ಅಡಿಗೆ, ಸಂಗೀತ, ಕುಣಿತ ಎಲ್ಲ ಸೇರಿ ದೊಡ್ಡ ಜಾತ್ರೆಯಾಯಿತು. ವಾಸ್ತುಶಿಲ್ಪಿಗಳು ಪ್ರೀತಿಯಿಂದ ಒದಗಿಸಿದ ಸಮುದಾಯದ ಕೋಣೆಗಳಲ್ಲಿ ಬಾರದ ನಗರಜೀವನ, ಯಾರೂ ಯೋಚಿಸದ ಗ್ಯಾರೇಜಿನಲ್ಲಿ ಬಂದಿತು. ಏಕೆ? ಗ್ಯಾರೇಜಿನ ಬಾಡಿಗೆ ಅಗ್ಗವಾಗಿತ್ತು. ಅಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

೧೯೯೨ರ ಅಕ್ಟೋಬರ್ ೪, ಭಾನುವಾರ ಸಂಜೆ, ಇಸ್ರೇಲಿನ ಒಂದು ಸರಕು ವಿಮಾನ ಎರಡು ಎಂಜಿನುಗಳನ್ನು ಕಳೆದುಕೊಂಡು ಹಿಂತಿರುಗುತ್ತಿದ್ದಾಗ ಗ್ರೂನೆವೇನ್, ಕ್ಲೈನ್ ಕ್ರೌಟ್‌ಬೆರ್ಗ್ ಕಟ್ಟಡಗಳು ಸೇರುವ ಮೂಲೆಗೆ ಬಂದು ಬಡಿಯಿತು. ಸತ್ತವರು ೪೩ ಮಂದಿ ಎಂದು ಸರಕಾರ ನಿರ್ಣಯಿಸಿತು. ಮೊದಲ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚೆಂದು ಹೆದರಿದ್ದರು. ಅಷ್ಟು ಅಂತರಕ್ಕೆ ಒಂದು ಕಾರಣ, ಆ ಮನೆಗಳಲ್ಲಿ ಯಾರು ಯಾರು ಇದ್ದರೆಂಬುದು ಯಾವ ದಫ್ತರದಲ್ಲಿಯೂ ಪೂರ್ತಿಯಾಗಿ ದಾಖಲಾಗಿರಲಿಲ್ಲ. ಪರವಾನೆಯಿಲ್ಲದೆ ಬದುಕುತ್ತಿದ್ದವರು ಅನೇಕರು. ಸ್ಥಳದ ಹತ್ತಿರ ಉಳಿದುಕೊಂಡ ಒಂದು ಮರವನ್ನು ‘ಎಲ್ಲವನ್ನೂ ಕಂಡ ಮರ’ ಎಂದು ಜನ ಕರೆಯುತ್ತಾರೆ. ಪ್ರತಿ ವರ್ಷ ಅಂದು ಅದರ ಬುಡದಲ್ಲಿ ಸೇರುತ್ತಾರೆ. ಬೈಲ್ಮರ್‌ಮೇರಿಗೆ ತನ್ನದೆಂಬ ಒಂದು ಚರಿತ್ರೆ, ತನ್ನದೆಂಬ ಒಂದು ಶ್ರಾದ್ಧದ ದಿನ ದೊರಕಿದ್ದು ಹೀಗೆ.

ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ ೧೯೬೧ರಲ್ಲಿ, ಬೈಲ್ಮರ್‌ಮೇರಿನ ಕಂಬ ಇಳಿಯುವುದಕ್ಕೆ ಐದು ವರ್ಷ ಮೊದಲೇ, ದೊಡ್ಡ ನಗರಗಳ ಸಾವು ಬದುಕುಗಳನ್ನು ಕುರಿತು ಒಂದು ಪುಸ್ತಕ ಬರೆದಳು. ಆಕೆ ವಾಸ್ತುಶಿಲ್ಪ ಓದಿದವಳಲ್ಲ. ತನ್ನ ಬೀದಿಯನ್ನು ಓದಿದವಳು. ನಗರಕ್ಕೆ ಜನದಟ್ಟಣೆ ಬೇಕು, ಬೇರೆಬೇರೆ ಹೊತ್ತಿನಲ್ಲಿ ಬೇರೆಬೇರೆ ಕೆಲಸಕ್ಕೆ ಜನ ಬರಬೇಕು, ಬೀದಿಗಳು ಚಿಕ್ಕವಾಗಿ ಅಲ್ಲಲ್ಲಿ ತಿರುವು ಇರಬೇಕು ಎಂದಳು. ಇಷ್ಟನ್ನು ನಕ್ಷೆ ಬರೆಯುವವರು ಹೇಗೋ ಅಳವಡಿಸಿಕೊಂಡಾರು. ಆಕೆ ಕೇಳಿದ ಇನ್ನೊಂದು ವಸ್ತುವಿದೆಯಲ್ಲ, ಅದು ಕಷ್ಟದ್ದು: ಹಳೆಯ ಕಟ್ಟಡಗಳು. ಅರಮನೆ, ದೇವಾಲಯಗಳಲ್ಲ; ಸಾಲ ತೀರಿ, ಬಣ್ಣ ಮಾಸಿ, ಬಾಡಿಗೆ ಇಳಿದ ಸಾಮಾನ್ಯ ಕಟ್ಟಡಗಳು. ಹೊಸ ಕಟ್ಟಡದ ಬಾಡಿಗೆ ಕೊಡಬಲ್ಲದ್ದು ಬ್ಯಾಂಕು, ದೊಡ್ಡ ಅಂಗಡಿ. ಚಪ್ಪಲಿ ಹೊಲಿಯುವವನು, ಹಳೆಯ ಪುಸ್ತಕ ಮಾರುವವನು, ನಾಟಕದ ತಾಲೀಮು ನಡೆಸುವ ಹುಡುಗರು ಅದನ್ನು ಕೊಡಲಾರರು. ಒಂದೇ ಸಲಕ್ಕೆ ಕಟ್ಟಿದ ಊರಿನಲ್ಲಿ ಎಲ್ಲ ಕಟ್ಟಡಕ್ಕೂ ಒಂದೇ ವಯಸ್ಸು. ಒಟ್ಟಿಗೆ ಹೊಸದು, ಒಟ್ಟಿಗೆ ಮುದಿ. ಹಣ ಸುರಿದು ರೈಲು ತರಬಹುದು, ಮರ ನೆಡಬಹುದು. ನಲವತ್ತು ವರ್ಷವನ್ನು ತಂದು ನೆಡುವುದು ಹೇಗೆ?

ಹಾಗಾದರೆ ಸಾಧ್ಯವೇ ಇಲ್ಲವೆಂದು ಕೈ ಚೆಲ್ಲುವವರಿಗೆ ಸಿಂಗಪುರವನ್ನು ತೋರಿಸಬೇಕು. ಅಲ್ಲಿನ ಕಥೆಗೆ ನಮ್ಮ ಬೆಂಗಳೂರಿನ ಒಂದು ಎಳೆ ಸೇರಿಕೊಂಡಿದೆ. ಆಟೋ ಕೋನಿಗ್ಸ್‌ಬರ್ಗರ್ ಎಂಬ ಬರ್ಲಿನ್ನಿನ ವಾಸ್ತುಶಿಲ್ಪಿ ಹಿಟ್ಲರನ ಕಾಟಕ್ಕೆ ದೇಶ ಬಿಟ್ಟು, ಈಜಿಪ್ಟಿನಲ್ಲಿ ಕೆಲಕಾಲ ಇದ್ದು, ೧೯೩೯ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದನು. ಸರ್ ಮಿರ್ಜಾ ಇಸ್ಮಾಯಿಲರು ಆಗ ದಿವಾನರು. (ಕೆಲವು ವರ್ಷ ಮೊದಲು ನಮ್ಮ ವಿಜ್ಞಾನ ಮಂದಿರದಲ್ಲಿದ್ದು ಹೋದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವನ ಸೋದರಮಾವ.) ವಿಜ್ಞಾನ ಮಂದಿರದ ಕೆಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಇವನ ಕೈಯವು. ೧೯೪೮ರಲ್ಲಿ ಭುವನೇಶ್ವರದ ನಕ್ಷೆಯನ್ನೂ ಇವನೇ ಮಾಡಿದನು. ಆಮೇಲೆ ದೆಹಲಿಯಲ್ಲಿ ನಿರಾಶ್ರಿತರ ವಸತಿಯ ಕೆಲಸದಲ್ಲಿದ್ದು ಲಂಡನ್ನಿಗೆ ಹೋದನು. ೧೯೬೩ರಲ್ಲಿ ವಿಶ್ವಸಂಸ್ಥೆ ಸಿಂಗಪುರಕ್ಕೆ ಕಳುಹಿಸಿದ ಮೂವರಲ್ಲಿ ಇವನೊಬ್ಬ. ಉಳಿದಿಬ್ಬರು ಚಾರ್ಲ್ಸ್ ಏಬ್ರಾಮ್ಸ್, ಸುಸುಮು ಕೋಬೆ. ದ್ವೀಪದ ನಡುವಿನ ಜಲಾಶಯಗಳ ಕಾಡನ್ನು ಬಿಟ್ಟು ಸುತ್ತ ಉಂಗುರದಂತೆ ಊರುಗಳನ್ನು ಕಟ್ಟಿರೆಂದು ಅವರು ಸಲಹೆ ಕೊಟ್ಟರು. ಇಪ್ಪತ್ತು ವರ್ಷದ ಮಹಾನಕ್ಷೆ ಬರೆದು ಕಣ್ಣು ಮುಚ್ಚಿಕೊಳ್ಳುವುದರಲ್ಲಿ ಕೋನಿಗ್ಸ್‌ಬರ್ಗರನಿಗೆ ನಂಬಿಕೆಯಿರಲಿಲ್ಲ. ಕೆಲಸ ಮಾಡುತ್ತಲೇ ನೋಡಿ, ನೋಡುತ್ತಲೇ ತಿದ್ದಿ ಮುಂದುವರಿಯುವ ಯೋಜನೆ ಬೇಕೆಂಬುದು ಅವನ ವಾದ. ನಮ್ಮಲ್ಲಿ ಕಲಿತ ಪಾಠವಿರಬಹುದು.

ಸಿಂಗಪುರದ ವಸತಿ ಮಂಡಲಿ ಹುಟ್ಟಿದ್ದು ೧೯೬೦ರಲ್ಲಿ. ಟೋವಾ ಪಾಯೋ ಎಂಬಲ್ಲಿ ಅದು ಅರವತ್ತರ ದಶಕದಲ್ಲಿ ಊರು ಕಟ್ಟತೊಡಗಿತು. ಆ ಹೆಸರಿನ ಅರ್ಥವೂ ‘ದೊಡ್ಡ ಜೌಗು’. ಜೌಗಿಗೂ ನಗರ ಯೋಜನೆಗೂ ಏನು ನಂಟೋ ಕಾಣೆ. ಕಟ್ಟಡಗಳನ್ನು ನೋಡಿದರೆ ಬೈಲ್ಮರ್‌ಮೇರಿಗಿಂತ ಸುಂದರವೇನಲ್ಲ. ಎತ್ತರದಲ್ಲಿ ಅದನ್ನು ಮೀರಿಸಿವೆ. ಆದರೂ ಅಲ್ಲಿ ಸಂಜೆ ಜನ ಕೆಳಗೆ ಇಳಿಯುತ್ತಾರೆ. ಇಳಿಯಲು ಕಾರಣವಿದೆ. ಬೀದಿಯಲ್ಲಿ ತಿಂಡಿ ಮಾರುತ್ತಿದ್ದವರನ್ನು ಸರಕಾರ ೧೯೭೧ರಿಂದ ೧೯೮೬ರವರೆಗೆ ಎಬ್ಬಿಸಿ ಎಬ್ಬಿಸಿ ಕೊಳಾಯಿ, ಚರಂಡಿ ಉಳ್ಳ ಮಾಡಿನಡಿ ಕೂರಿಸಿತು. ಚೀನರ ಸೇವಿಗೆ, ಮಲಯರ ಅನ್ನ, ತಮಿಳರ ರೊಟ್ಟಿ ಪಕ್ಕಪಕ್ಕದಲ್ಲೇ ಬೇಯುತ್ತವೆ. ಎಪ್ಪತ್ತರ ದಶಕದಿಂದ ಕಟ್ಟಡಗಳ ಕೆಳ ಅಂತಸ್ತನ್ನು ಬರಿಯ ಕಂಬಗಳ ಮೇಲೆ ಖಾಲಿ ಬಿಟ್ಟರು. ಬೈಲ್ಮರ್‌ಮೇರಿನಲ್ಲಿ ಕತ್ತಲೆಕೋಣೆ ಇದ್ದ ಜಾಗದಲ್ಲಿ ಇಲ್ಲಿ ಪಡಸಾಲೆ. ಇವತ್ತು ಮಲಯರ ಮದುವೆ, ನಾಳೆ ಚೀನರ ಸಾವಿನ ವಿಧಿ, ಉಳಿದ ದಿನ ಮುದುಕರ ಚದುರಂಗ. ೧೯೬೪ರಿಂದ ಮನೆಗಳನ್ನು ಬಾಡಿಗೆಗಲ್ಲದೆ ಕ್ರಯಕ್ಕೂ ಕೊಡತೊಡಗಿ, ೧೯೬೮ರಿಂದ ಅದಕ್ಕೆ ಭವಿಷ್ಯನಿಧಿಯ ಹಣ ಬಳಸಲು ಬಿಟ್ಟರು. ಮೆಟ್ರೋ ೧೯೮೭ರಲ್ಲಿ ಬಂದಾಗ ಮೊದಲ ತುಂಡು ಓಡಿದ್ದು ಟೋವಾ ಪಾಯೋಗೆ.

ಸಿಂಗಪುರವನ್ನು ಹೊಗಳುವವರು ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಟೋವಾ ಪಾಯೋದಲ್ಲಿ ಮೊದಲು ಗುಡಿಸಿಲು, ತೋಟ, ಹಂದಿಯ ದೊಡ್ಡಿ ಕಟ್ಟಿಕೊಂಡಿದ್ದವರು ಎದ್ದು ಹೋಗಲು ಒಪ್ಪದೆ ಕೆಲಸ ತಡವಾಗಿತ್ತು. ಕೊನೆಗೆ ಅವರು ಹೋಗಲೇಬೇಕಾಯಿತು. ೧೯೮೯ರಿಂದ ಯಾವ ಜನಾಂಗದವರು ಒಂದು ಕಟ್ಟಡದಲ್ಲಿ ಎಷ್ಟು ಮಂದಿ ಇರಬಹುದೆಂದು ಸರಕಾರವೇ ಮಿತಿ ಹಾಕಿದೆ. ಜಮೀನು, ಮನೆ, ರೈಲು, ತಿಂಡಿಯಂಗಡಿ ಎಲ್ಲ ಒಂದೇ ಕೈಯಲ್ಲಿ ಇದ್ದುದರಿಂದ ಎಲ್ಲ ಹೊತ್ತಿಗೆ ಸರಿಯಾಗಿ ಒದಗಿತು. ಅಂಥ ಕೈ ಬೇಕೆಂದು ಬಯಸುವವರು ಅದು ತಮ್ಮ ಮನೆಯ ಕದ ತಟ್ಟಿದಾಗಲೂ ಬಯಸುತ್ತಾರೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಸ್ಟಾಕ್‌ಹೋಮಿನ ನಗರಸಭೆ ಅದೇ ಫಲವನ್ನು ಇನ್ನೊಂದು ದಾರಿಯಿಂದ, ಐವತ್ತು ವರ್ಷ ಮೊದಲೇ ಜಮೀನು ಕೊಂಡು, ಪಡೆಯಿತು. ಎರಡು ಕಡೆಯೂ ಸಮಾನವಾದದ್ದು, ರೈಲು ಹಾಕುವವನೂ ಮನೆ ಕಟ್ಟುವವನೂ ಪರಸ್ಪರ ಮಾತಾಡುತ್ತಿದ್ದರು ಎಂಬುದು.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳೂ ಒಂದು ಕಾಲಕ್ಕೆ ನಕ್ಷೆ ಹಾಕಿ ಎಳೆದ ಊರಾಚೆಯ ಬಡಾವಣೆಗಳೇ. ೧೮೯೮ರ ಪ್ಲೇಗಿನ ನಂತರ ಪೇಟೆಯ ಜನ ಹೆದರಿ ಅಲ್ಲಿಗೆ ಹೋದರು. ಅವು ಊರಾದದ್ದು ಮನೆಯ ಮುಂಗೋಣೆ ಡಾಕ್ಟರ ದವಾಖಾನೆಯಾಗಿ, ಪಕ್ಕದ ಶೆಡ್ಡು ಹಿಟ್ಟಿನ ಗಿರಣಿಯಾಗಿ, ಕಟ್ಟೆಯ ಮೇಲೆ ಹೂವಿನವಳು ಕುಳಿತು, ಎರಡು ತಲೆಮಾರು ಕಳೆದ ಮೇಲೆ. ಅಲ್ಲಿ ಎತ್ತರದ ಕಟ್ಟಡವಿರಲಿಲ್ಲ. ಆದರೆ ಮಾರ್ಪಡಿಸಿಕೊಳ್ಳಲು ಅವಕಾಶವಿತ್ತು. ಈಗ ನಗರದ ಅಂಚಿನಲ್ಲಿ ಏಳುತ್ತಿರುವ ಇಪ್ಪತ್ತು ಮೂವತ್ತು ಅಂತಸ್ತಿನ ಸಮುಚ್ಚಯಗಳಲ್ಲಿ ಈಜುಕೊಳ, ವ್ಯಾಯಾಮಶಾಲೆ, ಸಭಾಂಗಣ ಎಲ್ಲ ಇವೆ. ಮನೆಯ ಮುಂಗೋಣೆಯಲ್ಲಿ ದರ್ಜಿಯ ಯಂತ್ರ ಇಡಲು ಮಾತ್ರ ಸಂಘದ ಉಪನಿಯಮ ಒಪ್ಪುವುದಿಲ್ಲ. ಸುತ್ತ ಎತ್ತರದ ಗೋಡೆ, ಬಾಗಿಲಲ್ಲಿ ಕಾವಲು. ಬೈಲ್ಮರ್‌ಮೇರಿಗೆ ಎಷ್ಟೋ ದೋಷಗಳಿದ್ದವು, ಗೋಡೆ ಇರಲಿಲ್ಲ. ವೈಟ್‌ಫೀಲ್ಡಿಗೆ ಮೆಟ್ರೋ ೨೦೨೩ರಲ್ಲಿ ಮುಟ್ಟಿತು. ಜನ ಅಲ್ಲಿ ಗೋಪುರಗಳಲ್ಲಿ ಮನೆ ಮಾಡಿ ಎಷ್ಟೋ ವರ್ಷವಾಗಿತ್ತು. ರೈಲು ಬಂದ ಮೇಲಾದರೂ ಗೋಡೆಯ ಆ ಒಂದು ಬದಿಯಲ್ಲಿ, ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಅಂಗಡಿಗಳ ಸಾಲೊಂದಕ್ಕೆ ಬಾಗಿಲು ತೆರೆದರ ಸಾಕು ಎಂದು ನನಗನಿಸುತ್ತದೆ. ಹೂವಿನವಳು ತಾನಾಗಿ ಬರುತ್ತಾಳೆ.

ಬೈಲ್ಮರ್‌ಮೇರಿನ ಕಟ್ಟಡಗಳಲ್ಲಿ ಸುಮಾರು ಅರ್ಧ ಭಾಗವನ್ನು ತೊಂಬತ್ತರ ದಶಕದಿಂದ ಮುಂದೆ ಕೆಡವಿದರು. ಎತ್ತರದ ರಸ್ತೆಗಳನ್ನು ಹಲವು ಕಡೆ ನೆಲಕ್ಕೆ ಇಳಿಸಿದರು. ಗ್ಯಾರೇಜುಗಳೂ ಹೋದವು, ಅಲ್ಲಿದ್ದ ಸಭೆಗಳಲ್ಲಿ ಹಲವಕ್ಕೆ ೨೦೦೭ರಲ್ಲಿ ಒಂದು ಸ್ವಂತ ಇಗರ್ಜಿಯ ಕಟ್ಟಡವಾಯಿತು. ಕೆಡವಿದ ಕಡೆ ಬಾಗಿಲು ಬೀದಿಗೆ ತೆರೆಯುವ ತಗ್ಗಿನ ಮನೆಗಳು ಬಂದವು. ಆದರೆ ಹಳೆಯ ನಿವಾಸಿಗಳಲ್ಲಿ ಕೆಲವರು ತಮ್ಮ ಜೇನುಗೂಡನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಮೆಟ್ರೋ ದಾರಿಯ ಇಕ್ಕೆಲದ ಕೆಲವು ಕಟ್ಟಡಗಳನ್ನು ಮೂಲದ ರೂಪದಲ್ಲೇ ಉಳಿಸಬೇಕಾಯಿತು. ಅವುಗಳಲ್ಲಿ ಕೊನೆಯದು ಕ್ಲೈಬುರ್ಗ್: ನಾನೂರು ಮೀಟರು ಉದ್ದ, ಐನೂರು ಮನೆಗಳು. ಅದನ್ನು ಸರಿಪಡಿಸಲು ಆಗುವ ಖರ್ಚು ನೋಡಿ ವಸತಿ ಸಂಸ್ಥೆ ಕೆಡವಲು ಹೊರಟಿತ್ತು; ಕೊನೆಗೆ ಒಂದು ಯೂರೋ ಬೆಲೆಗೆ ಮಾರಿತು. ಕೊಂಡವರು ಲಿಫ್ಟು, ಜಗಲಿ, ಹೊರಮೈ ಇಷ್ಟನ್ನು ದುರಸ್ತಿ ಮಾಡಿ, ಒಳಗೆ ಏನೂ ಮಾಡದೆ, ಬರಿಯ ಗೂಡುಗಳನ್ನು ಅಗ್ಗವಾಗಿ ಮಾರಿದರು. ಗೋಡೆ, ಅಡಿಗೆಮನೆ, ಬಚ್ಚಲು ಯಾರಿಗೆ ಹೇಗೆ ಬೇಕೋ ಹಾಗೆ ಅವರವರೇ ಕಟ್ಟಿಕೊಂಡರು. ಒಬ್ಬರು ಎರಡು ಮನೆ ಸೇರಿಸಿ ಒಂದು ಮಾಡಿಕೊಂಡರೆ ಕೇಳುವವರಿಲ್ಲ. ೨೦೧೭ರಲ್ಲಿ ಯೂರೋಪಿನ ವಾಸ್ತುಶಿಲ್ಪದ ದೊಡ್ಡ ಬಹುಮಾನ, ಮೀಸ್ ವಾನ್ ಡೆರ್ ರೋ ಹೆಸರಿನದು, ಇದಕ್ಕೆ ಬಂದಿತು. ಹೊಸ ಕಟ್ಟಡಗಳನ್ನೆಲ್ಲ ಬಿಟ್ಟು ಒಂದು ದುರಸ್ತಿಗೆ! ನೆಲದ ಅಂತಸ್ತಿನಲ್ಲಿದ್ದ ಸಾಮಾನಿನ ಕೋಣೆಗಳನ್ನು ಮೇಲಿನ ಮಹಡಿಗಳಿಗೆ, ಲಿಫ್ಟಿನ ಮಗ್ಗುಲಿಗೆ, ಸಾಗಿಸಿದ್ದಾರೆ. ಕೆಳಗೆ ಈಗ ಮನೆಗಳಿವೆ, ಸಣ್ಣ ಕಾರ್ಯಾಗಾರಗಳಿವೆ, ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆಯಿದೆ. ನಡೆಯುವ ದಾರಿಯ ಕಡೆಗೆ ಗಾಜಿನ ಕಿಟಕಿಗಳು.